ಮಂಪರಿನಲ್ಲಿ ತುಂಬಿಸಿಕೊಂಡ ಉಡಿ

ಆಸ್ಪತ್ರೆಯಿಂದ ಮನೆಗೆ ಬಂದ ಸಂಜೆ ಕನ್ನಡಕ ಹುಡುಕುತ್ತ ನನ್ನ ಬಟ್ಟೆಚೀಲಕ್ಕೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ತೆಂಗಿನಕಾಯಿ.

ಎಂಡೋಸ್ಕೋಪಿ ಮಾಡಿಸಿಕೊಂಡು ಬಂದವಳ ಚೀಲದಲ್ಲಿ ತೆಂಗಿನಕಾಯಿಗೇನು ಕೆಲಸ? (ವಿಶಾಖಪಟ್ಟಣದ ದೊಡ್ಡ ಆಸ್ಪತ್ರೆಗಳು ಬಿಲ್ಲಿನ ಜೊತೆ ಏನೇನೋ ಕೊಡುತ್ತವೆ. ಆದರೆ ಕಾಯಿ ಕೊಟ್ಟಿದ್ದನ್ನು ಇಲ್ಲಿಯವರೆಗೆ ಕೇಳಿಲ್ಲ.) ಚೀಲವನ್ನು ಮಂಚದ ಮೇಲೆ ಸುರಿದೆ. ಕಾಯಿಯ ಹಿಂದೆಯೇ ಅಕ್ಕಿ ಜಾರಿತು. ಆಮೇಲೆ ಉತ್ತತ್ತಿ, ಅಡಿಕೆ, ಅರಿಶಿನದ ಕೊಂಬು, ಕಾಗದದಲ್ಲಿ ಸುತ್ತಿದ ಬೆಲ್ಲ, ನೀಟಾಗಿ ಮಡಚಿದ ಒಂದು ಹಸಿರು ರವಿಕೆ ಖಣ.

ಉಡಿ ಸಾಮಾನು!

ಉತ್ತರ ಕರ್ನಾಟಕದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಒಂದು ಮಾತು. ಮದುವೆಯಾದ ಮಗಳು ತವರಿನಿಂದ ಹೊರಡುವಾಗ ಅವಳ ಸೆರಗಿಗೆ ಇವನ್ನೆಲ್ಲ ಹಾಕಿ ಕಳಿಸುತ್ತಾರೆ. ನೀನು ಇನ್ನೂ ಈ ಮನೆಯವಳು ಎಂದು ಹೇಳುವ ರೀತಿ ಅದು. ಸೆರಗೊಡ್ಡಿ ತುಂಬಿಸಿಕೊಂಡರೆ, ಹೌದು, ನಾನು ಈ ಮನೆಯವಳೇ ಎಂದು ಒಪ್ಪಿಕೊಂಡಂತೆ.

ನಾನು ಹಾಗೆ ಒಪ್ಪಿಕೊಂಡು ವರ್ಷಗಳೇ ಆಗಿದ್ದವು. ನಾಗರ ಪಂಚಮಿಗೆ ಬಾ ಎಂದು ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಕರೆದಾಗಲೆಲ್ಲ ನನ್ನದು ಏನಾದರೊಂದು ನೆಪ. ಮಗಳ ಪರೀಕ್ಷೆ. ರೈಲಿಗೆ ಟಿಕೆಟ್ ಇಲ್ಲ. ಬೆನ್ನುನೋವು. ಒಂದು ಸಲವಂತೂ ಬಾಯಿಬಿಟ್ಟೇ ಹೇಳಿದ್ದೆ. "ಆ ಮನಿ ಉಡಿ ನನಗ ಬ್ಯಾಡ್ರಿ ವೈನಿ."

ಹಾಗಿದ್ದರೆ ಇದನ್ನು ತುಂಬಿದವರು ಯಾರು? ಅದಕ್ಕಿಂತ ಮುಖ್ಯವಾಗಿ, ತುಂಬಿಸಿಕೊಂಡವರು ಯಾರು?

ಮಗಳನ್ನು ಕೂಗಿದೆ. ಅನಘಾ ಇಲ್ಲೇ ಮಧುರವಾಡದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಹುಟ್ಟಿದ್ದು ಹುಬ್ಬಳ್ಳಿಯಲ್ಲಾದರೂ ಬೆಳೆದಿದ್ದೆಲ್ಲ ವಿಶಾಖಪಟ್ಟಣದಲ್ಲಿ. ಅವಳ ಕನ್ನಡ ಅಡುಗೆಮನೆಯಿಂದ ಹಾಲ್‌ವರೆಗೆ ಬರುತ್ತದೆ, ಹೊಸ್ತಿಲು ದಾಟುವುದಿಲ್ಲ. ಅದರಲ್ಲೂ ನಡುನಡುವೆ ತೆಲುಗು.

"ಇದನ್ನ ಯಾರು ಇಟ್ಟರ ಇದರಾಗ?"

"ಅದೇನಮ್ಮಾ ಹಂಗ ಕೇಳ್ತಿ? ಮಾವಯ್ಯ ತಂದ್ರು ಕದಾ. ನೀನೇ ನನ್ನ ಚುನ್ನಿ ಇಸ್ಕೊಂಡು ಒಡ್ಡಿದಿ. ನರ್ಸ್ ಆಂಟಿ ಹಾಕಿದ್ರು."

"ನಾನು ಒಡ್ಡಿದೆ?"

"ನೀನೇ! ನೀ ಅತ್ತಿ, ಮಾವಯ್ಯನೂ ಅತ್ರು. ಫುಲ್ ಎಮೋಷನಲ್ ಸೀನ್. ನೆನಪಿಲ್ಲಾ?"

ಇಲ್ಲ. ನೆನಪಿಲ್ಲ. ಒಂದೇ ಒಂದು ಕಾಳಿನಷ್ಟೂ ನೆನಪಿಲ್ಲ.

ಈ ಅಂಕಣವನ್ನು ವಾರವಾರ ಓದುವವರಿಗೆ ನನ್ನ ಹೊಟ್ಟೆಯ ಪರಿಚಯ ಚೆನ್ನಾಗಿಯೇ ಇದೆ. ಆಂಧ್ರದ ಉಪ್ಪಿನಕಾಯಿಗೂ ಅದಕ್ಕೂ ಇರುವ ಹಗೆತನದ ಬಗ್ಗೆ ಇಲ್ಲಿಯೇ ಬರೆದು ನಿಮ್ಮಿಂದ ಬೈಸಿಕೊಂಡಿದ್ದೇನೆ. ಈ ಬಾರಿ ಉರಿ ಜಾಸ್ತಿಯಾಗಿ ಡಾಕ್ಟರು, ಒಳಗೆ ಕ್ಯಾಮೆರಾ ಬಿಟ್ಟು ನೋಡಿಯೇಬಿಡೋಣ ಅಂದರು. ನಿದ್ದೆಯ ಇಂಜೆಕ್ಷನ್ ಕೊಟ್ಟು ಮಾಡುತ್ತೇವೆ, ಏನೂ ಗೊತ್ತಾಗುವುದಿಲ್ಲ, ಜೊತೆಗೆ ಮನೆಯವರು ಯಾರಾದರೂ ಇರಲಿ ಅಂದರು.

ಮನೆಯವರು ಎಲ್ಲಿದ್ದಾರೆ? ನನ್ನ ಗಂಡ ನೌಕಾಪಡೆಯವರು. ನನಗೆ ಹುಷಾರು ತಪ್ಪಿದಾಗ ಅವರ ಹಡಗು ಸಮುದ್ರದಲ್ಲೇ ಇರತಕ್ಕದ್ದು ಎಂಬುದು ಬಹುಶಃ ಸರ್ಕಾರದ ನಿಯಮ. ಮಗಳಿದ್ದಾಳಲ್ಲ, ಸಾಕು ಅಂದೆ. ಆದರೆ ಮಗಳಿಗೆ ಪುಕುಪುಕು. ನನ್ನನ್ನು ಕೇಳದೆ ವಿಜಯವಾಡಕ್ಕೆ ಫೋನ್ ಮಾಡಿ ಅವಳ ಮಾವಯ್ಯನನ್ನು, ಅಂದರೆ ನನ್ನ ಅಣ್ಣನನ್ನು, ಕರೆಸಿಬಿಟ್ಟಳು.

ಅಣ್ಣ ಬ್ಯಾಂಕಿನಲ್ಲಿ ಮ್ಯಾನೇಜರ್. ಹುಬ್ಬಳ್ಳಿಯಿಂದ ವಿಜಯವಾಡಕ್ಕೆ ವರ್ಗವಾಗಿ ವರ್ಷ ಕಳೆದಿತ್ತು. ಇಡೀ ಆಂಧ್ರದಲ್ಲಿ ನನಗೆ ರಕ್ತಸಂಬಂಧ ಅಂತ ಇರುವವನು ಅವನೊಬ್ಬ. ರೈಲು ಹತ್ತಿದರೆ ಅರ್ಧ ದಿನದೊಳಗೆ ಮುಟ್ಟುವ ಊರು. ಆದರೂ ನಾವು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ದೀಪಾವಳಿಗೆ ಅವನು ದೀಪದ ಚಿತ್ರ ಕಳಿಸುವುದು, ನಾನು ಕೈಮುಗಿಯುವ ಚಿತ್ರ ಕಳಿಸುವುದು, ಅಷ್ಟೇ. ವಾಟ್ಸ್ಆ್ಯಪ್ ಬಂದ ಮೇಲೆ ಮಾತು ಬಿಟ್ಟವರಿಗೆ ಎಷ್ಟು ಅನುಕೂಲ ಆಗಿದೆ ನೋಡಿ.

ಮಾತು ಬಿಟ್ಟದ್ದು ಯಾಕೆ?

ಅವ್ವ ಹುಬ್ಬಳ್ಳಿಯ ಅವನ ಮನೆಯಲ್ಲಿ ತೀರಿಕೊಂಡಳು. ಬೆಳಿಗ್ಗೆ ಅವನೇ ಫೋನ್ ಮಾಡಿದ. ನಾನು ಅಳುತ್ತಲೇ ಒಂದೇ ಮಾತು ಕೇಳಿದೆ. "ನಾ ಬರೂತನಕ ಕಾಯ್ತೀಯಿಲ್ಲೋ?"

"ಕಾಯ್ತೀನಿ. ನೀ ಬಾ," ಅಂದ.

ಸಿಕ್ಕ ರೈಲು ಹತ್ತಿದೆ. ಗಂಟೆಗಟ್ಟಲೆ ಕಿಟಕಿಗೆ ತಲೆಯಾನಿಸಿ ಕೂತು ಅವ್ವನ ಮುಖಕ್ಕೆ ಅರಿಶಿನ ಹಚ್ಚುವುದನ್ನು ನೆನೆಯುತ್ತ ಹೋದೆ. ಮರುದಿನ ಮನೆ ಮುಟ್ಟಿದಾಗ ಅಂಗಳ ತೊಳೆದಿತ್ತು. ಹಿಂದಿನ ದಿನ ಹೊತ್ತು ಮುಳುಗುವ ಮೊದಲೇ ಎಲ್ಲ ಮುಗಿಸಿದ್ದರು. ಅವ್ವ ಮಲಗುತ್ತಿದ್ದ ಜಾಗದಲ್ಲಿ ದೀಪ ಇಟ್ಟಿದ್ದರು. ನಾನು ಆ ದೀಪಕ್ಕೆ ನಮಸ್ಕಾರ ಮಾಡಿದೆ. ಅವ್ವನ ಬದಲು ದೀಪ.

ಅಣ್ಣ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ತಾನಾಗಿ ಹೇಳಲಿ ಎಂದು ನಾನು. ಇವಳಾಗಿ ಕೇಳಲಿ ಎಂದು ಅವನಿದ್ದನೋ ಏನೋ. ಬಂಧುಗಳನ್ನು ಕೇಳಿದರೆ "ಆಗೂದು ಆತು, ಬಿಡವಾ" ಎಂಬ ಉತ್ತರ. ಆ ಹದಿನೈದು ದಿನ ಒಂದೇ ಸೂರಿನಡಿ ಇದ್ದು, ಒಂದೇ ಪಂಕ್ತಿಯಲ್ಲಿ ಉಂಡು, ಒಬ್ಬರನ್ನೊಬ್ಬರು ದಾಟಿಕೊಂಡು ಓಡಾಡಿದೆವು. ಹೊರಡುವ ದಿನ ನಾನು ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡು ಆಟೋ ಹತ್ತಿದೆ.

ಕಾಯುತ್ತೇನೆ ಅಂದವನು ಯಾಕೆ ಕಾಯಲಿಲ್ಲ? ಇದೊಂದು ಪ್ರಶ್ನೆ ಇಷ್ಟು ವರ್ಷ ನನ್ನ ಹೊಟ್ಟೆಯಲ್ಲಿತ್ತು. (ಕ್ಯಾಮೆರಾದಲ್ಲಿ ಅದು ಕಾಣಿಸಲಿಲ್ಲವಂತೆ. ರಿಪೋರ್ಟಿನಲ್ಲಿ ಸಣ್ಣ ಹುಣ್ಣು ಎಂದು ಮಾತ್ರ ಬರೆದಿದ್ದಾರೆ.)

ಆಸ್ಪತ್ರೆಯ ಆ ಬೆಳಗಿನ ಬಗ್ಗೆ ನನಗೆ ನೆನಪಿರುವುದನ್ನು ಹೇಳುತ್ತೇನೆ. ಲಿಫ್ಟಿನ ಪಕ್ಕ ಅಣ್ಣ ನಿಂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಬಟ್ಟೆಯ ಕೈಚೀಲ.

"ಬಂದ್ಯಾ?" ಅಂದೆ.

"ಬಂದೆ. ದುವ್ವಾಡ ಸ್ಟೇಷನ್ನಾಗ ಇಳದು ಕ್ಯಾಬ್ ಮಾಡಿದೆ."

"ಹೂಂ."

ಇಷ್ಟೇ ನಮ್ಮ ಮಾತು. ಆಮೇಲೆ ಒಳಗೆ ಕರೆದರು. ಕೈಗೆ ಸೂಜಿ ಚುಚ್ಚಿ ಟೇಪ್ ಅಂಟಿಸಿದರು. ಎಡಮಗ್ಗುಲಿಗೆ ತಿರುಗಿ ಮಲಗಿ ಅಂದರು. ಗೋಡೆಯ ಮೇಲೆ ಎಸಿಯ ಕೆಳಗೆ ನೀರು ಸೋರಿದ ಕಲೆ ಇತ್ತು. ಇಷ್ಟು ದುಡ್ಡು ತೆಗೆದುಕೊಂಡು ಇದನ್ನು ರಿಪೇರಿ ಮಾಡಿಸಬಾರದೇ ಅಂದುಕೊಂಡೆ.

ಮುಂದಿನ ನೆನಪು, ನಾನು ಮಧುರವಾಡದ ನಮ್ಮ ಫ್ಲ್ಯಾಟಿನಲ್ಲಿ ಊಟದ ಮೇಜಿನ ಮುಂದೆ ಕೂತು ಮೊಸರನ್ನ ಉಣ್ಣುತ್ತಿದ್ದೇನೆ.

ನಡುವೆ ಏನೂ ಇಲ್ಲ. ಮಲಗಿದ್ದೆ ಎಂಬ ಅನುಭವವೂ ಇಲ್ಲ. ನಿದ್ದೆಯಾದರೆ ಎದ್ದಾಗ ಮೈ ಹೇಳುತ್ತದೆ, ನೀನು ಮಲಗಿದ್ದೆ ಎಂದು. ಇದು ಹಾಗಲ್ಲ. ಹಗಲಿನ ಒಂದು ತುಂಡನ್ನು ಕತ್ತರಿಸಿ ತೆಗೆದು ಎರಡು ತುದಿಗಳನ್ನು ಹೊಲಿದುಬಿಟ್ಟಿದ್ದರು, ಹೊಲಿಗೆಯೂ ಕಾಣದ ಹಾಗೆ.

ಆದರೆ ಮಗಳ ಪ್ರಕಾರ ಆ ಹೊತ್ತಿನಲ್ಲಿ ನಾನು ಮಲಗಿರಲೇ ಇಲ್ಲ! ಹೊರಗೆ ತಂದ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟೆನಂತೆ. ಎದ್ದು ಕೂತೆನಂತೆ. ಚಹಾ ಕೇಳಿ ಕುಡಿದೆನಂತೆ, ಸಕ್ಕರೆ ಕಡಿಮೆ ಎಂದು ತಕರಾರು ಬೇರೆ. ನರ್ಸಿಗೆ "ಅಯಿಪೋಯಿಂದಾ?" ಮುಗಿಯಿತಾ ಎಂದು ಕೇಳುವುದು, ಆಯಿತಮ್ಮಾ ಅಂದ ಮೇಲೆ ಮತ್ತೆ ಅದನ್ನೇ ಕೇಳುವುದು. ನರ್ಸ್ ನಗುತ್ತಲೇ ಇದ್ದಳಂತೆ. ಆಮೇಲೆ ಅಣ್ಣ ಒಳಗೆ ಬಂದ. ನಾನು ಅವನ ಕೈ ಹಿಡಿದುಕೊಂಡೆ. ಹಿಡಿದುಕೊಂಡು ಕೇಳಿದೆ.

"ಯಾಕ ಕಾಯಲಿಲ್ಲ ಅಣ್ಣಾ?"

ಇಷ್ಟು ವರ್ಷ ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆಯನ್ನು, ಕೇಳಿದ್ದೇ ನೆನಪಿಲ್ಲದ ಹೊತ್ತಿನಲ್ಲಿ ಕೇಳಿದ್ದೆ.

ಅವನು ಹೇಳಿದ. ಬಹಳ ಹೊತ್ತು ಹೇಳಿದ. ಹೇಳಿ ಅತ್ತ. ನಾನೂ ಅತ್ತೆ. ಆಮೇಲೆ ಅವನು ಕೈಚೀಲದಿಂದ ವೈನಿ ಕಟ್ಟಿ ಕಳಿಸಿದ್ದ ಉಡಿ ಸಾಮಾನು ತೆಗೆದ. ಗಂಡಸರು ಉಡಿ ತುಂಬುವ ಪದ್ಧತಿ ಇಲ್ಲವಲ್ಲ, ನರ್ಸನ್ನೇ ಕರೆದು ಸ್ವಲ್ಪ ಹಾಕಮ್ಮಾ ಎಂದು ತನ್ನ ಬ್ಯಾಂಕಿನ ತೆಲುಗಿನಲ್ಲಿ ಬೇಡಿಕೊಂಡ. ಅವಳಿಗೆ ಈ ಪದ್ಧತಿ ಹೊಸದು. ಆದರೂ ತವರಿನ ಮರ್ಯಾದೆ ಎಂದರೆ ಯಾವ ಹೆಣ್ಣಿಗೆ ಅರ್ಥವಾಗುವುದಿಲ್ಲ? ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಬಂದು ಹಾಕಿದಳಂತೆ.

ಇಷ್ಟೆಲ್ಲ ಆಗಿ, ಅಣ್ಣ ಮಧ್ಯಾಹ್ನದ ರೈಲಿಗೆ ವಿಜಯವಾಡಕ್ಕೆ ಹೊರಟು ಹೋಗಿದ್ದ.

"ಅಂವಾ ಏನು ಹೇಳಿದಾ?" ಮಗಳ ಎರಡೂ ತೋಳು ಹಿಡಿದು ಕೇಳಿದೆ. "ಯಾಕ ಕಾಯಲಿಲ್ಲಂತ?"

ಅವಳು ಗಾಬರಿಯಾದಳು. ನೆನಪು ಮಾಡಿಕೊಂಡಳು. "ಅಜ್ಜಿ ಅಂತ ಅಂದ್ರು. ಡಾಕ್ಟರ್ ಅಂತ ಅಂದ್ರು. ಐಸ್ ಅಂತ ಏನೋ. ಆಮೇಲೆ ಸ್ಪೀಡಾಗಿ ಹೇಳಿದ್ರಮ್ಮಾ, ಅಳಕೋತ. ಅಷ್ಟು ಕನ್ನಡ ನನಗ ರಾದು, ಬರೂದಿಲ್ಲ. ನಿನಗ ಹೇಳ್ತಿದಾರ ಕದಾ, ನಿನಗ ಗೊತ್ತಿರ್ತದ ಅಂತ ನಾ..."

"ನೀ?"

"ಫೋನ್ ನೋಡ್ತಿದ್ದೆ."

ಅವಳ ಮೇಲೆ ರೇಗಿದೆ. ಆದರೆ ಅವಳದೇನು ತಪ್ಪು? ಶಾಲೆಯಲ್ಲಿ ತೆಲುಗು, ಗೆಳತಿಯರ ಜೊತೆ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷ್. ಉಂಡ್ಯಾ, ಮಲಕೋ, ಬೇಗ ಬಾ ಎಂಬುದಕ್ಕಿಂತ ಹೆಚ್ಚಿನ ಕನ್ನಡ ನಮ್ಮ ಮನೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಒಬ್ಬ ಗಂಡಸು ಅಳುತ್ತ ಅಳುತ್ತ ಅಮ್ಮನ ಕೊನೆಯ ದಿನವನ್ನು ಹೇಳುವ ಕನ್ನಡ ಅವಳಿಗೆ ಎಲ್ಲಿಂದ ಬರಬೇಕು? ಆ ಕೋಣೆಯಲ್ಲಿ ಮೂವರು ಹೆಂಗಸರಿದ್ದೆವು. ನರ್ಸಿಗೆ ಭಾಷೆ ಗೊತ್ತಿಲ್ಲ. ಮಗಳಿಗೆ ಅರೆಬರೆ ಗೊತ್ತು. ಪೂರ್ತಿ ಗೊತ್ತಿದ್ದವಳು ನಾನೊಬ್ಬಳೇ, ನಾನು ಅಲ್ಲಿ ಇರಲಿಲ್ಲ.

ಅಂದು ಸಂಜೆಯೂ ನಾನು ನೆಟ್ಟಗಿರಲಿಲ್ಲ ಎಂದು ಈಗ ಗೊತ್ತಾಗುತ್ತಿದೆ. ಸಾರಿಗೆ ಉಪ್ಪು ಹಾಕಿದವಳು ಮತ್ತೆ ಹಾಕಿದೆ. ಗೀಸರ್ ಹಾಕಿ ಸ್ನಾನವನ್ನೇ ಮರೆತೆ. ಕೈಯಲ್ಲಿ ಟಿವಿ ರಿಮೋಟ್ ಹಿಡಿದುಕೊಂಡು ರಿಮೋಟ್ ಹುಡುಕಿದೆ. (ಇದನ್ನು ಇಂಜೆಕ್ಷನ್ ಇಲ್ಲದೆಯೂ ಮಾಡುತ್ತೇನೆ, ಬಿಡಿ.) ಮಗಳು ಹೇಳಿದ್ದನ್ನು ಕೇಳಿಸಿಕೊಳ್ಳುತ್ತಿದ್ದೆ, ಆದರೆ ಮಾತಿನ ಕೊನೆ ಬರುವಷ್ಟರಲ್ಲಿ ಮೊದಲು ತಪ್ಪಿಹೋಗುತ್ತಿತ್ತು.

ಮರುವಾರ ರಿಪೋರ್ಟ್ ತೋರಿಸಲು ಹೋದಾಗ ಇಂಜೆಕ್ಷನ್ ಕೊಟ್ಟ ಅರಿವಳಿಕೆ ಡಾಕ್ಟರನ್ನು ಹುಡುಕಿಕೊಂಡು ಹೋದೆ. ಸಣ್ಣ ವಯಸ್ಸಿನವರು. ನನ್ನ ಕಥೆ ಕೇಳಿ ಮೊದಲು ನಕ್ಕರು, ಆಮೇಲೆ ನಗಲಿಲ್ಲ.

"ಆ ಔಷಧ ಬರೀ ನಿದ್ದೆ ಬರಿಸುವುದಿಲ್ಲ ಅಮ್ಮಾ," ಅಂದರು. "ಭಯ ಕಡಿಮೆ ಮಾಡುತ್ತದೆ. ಅದರ ಜೊತೆಗೆ ಹೊಸ ನೆನಪು ಕೂರುವುದನ್ನು ತಡೆಯುತ್ತದೆ. ಸಿಸಿಟಿವಿ ನಡೆಯುತ್ತಿದೆ, ಪರದೆ ಮೇಲೆ ಎಲ್ಲ ಕಾಣುತ್ತಿದೆ, ಆದರೆ ರೆಕಾರ್ಡಿಂಗ್ ಆಗುತ್ತಿಲ್ಲ ಅಂದುಕೊಳ್ಳಿ. ಎದುರಿಗಿರುವವರಿಗೆ ನೀವು ಪೂರ್ತಿ ಎಚ್ಚರ ಇದ್ದ ಹಾಗೇ ಕಾಣುತ್ತೀರಿ."

"ಹಳೆಯದೆಲ್ಲ ನೆನಪಿದೆಯಲ್ಲ ಡಾಕ್ಟರೇ?"

"ಹಳೆಯದನ್ನು ಅದು ಮುಟ್ಟುವುದಿಲ್ಲ. ಮೊದಲೇ ಕೂತ ನೆನಪು ಕೂತೇ ಇರುತ್ತದೆ."

ಎಂಥ ನ್ಯಾಯ ನೋಡಿ! ತೊಳೆದ ಅಂಗಳ ಹಾಗೇ ಇದೆ. ಆ ದೀಪ ಹಾಗೇ ಇದೆ. ನೋವನ್ನು ಮುಟ್ಟದೆ, ನೋವಿಗೆ ಸಿಕ್ಕ ಉತ್ತರವನ್ನಷ್ಟೇ ತೆಗೆದುಕೊಂಡು ಹೋಯಿತು.

"ಯಾವತ್ತಾದರೂ ನೆನಪಾಗಬಹುದೇ? ನಿಧಾನಕ್ಕೆ?"

ಅವರು ತಲೆಯಾಡಿಸಿದರು. "ಕಳೆದುಹೋಗಿದ್ದರೆ ಹುಡುಕಬಹುದಿತ್ತು ಅಮ್ಮಾ. ಅದು ಉಳಿಯಲೇ ಇಲ್ಲ."

ಇನ್ನೊಂದು ಪ್ರಶ್ನೆ ಬಾಕಿಯಿತ್ತು. ಕೇಳಲು ಸಂಕೋಚ. ಆದರೂ ಕೇಳಿದೆ. ಆ ಹೊತ್ತಿನಲ್ಲಿ ನಾನು ಆಡಿದ್ದು ನನ್ನ ಮನಸ್ಸಿನ ಮಾತೇ, ಅಥವಾ ಔಷಧದ ಮಾತೇ?

"ಹೇಳಲಿಕ್ಕಾಗುವುದಿಲ್ಲ," ಅಂದರು. "ಅದು ನಿಜ ಹೇಳಿಸುವ ಔಷಧವಲ್ಲ. ನಾಲಿಗೆ ಸ್ವಲ್ಪ ಸಡಿಲ ಆಗುತ್ತದೆ, ಹಟ ಸ್ವಲ್ಪ ಕಡಿಮೆ ಆಗಬಹುದು. ಅದಕ್ಕೇ ಅವತ್ತು ಏನೂ ಮುಖ್ಯ ನಿರ್ಧಾರ ಬೇಡ ಅಂತ ನಾವು ಹೇಳುವುದು. ನಿಮ್ಮ ಅಣ್ಣನವರಿಗೂ ನಮ್ಮ ನರ್ಸ್ ಹೇಳಿದ್ದಾರೆ. ಗಾಡಿ ಓಡಿಸಬಾರದು, ಗ್ಯಾಸ್ ಮುಂದೆ ನಿಲ್ಲಬಾರದು, ಯಾವ ಕಾಗದಕ್ಕೂ ಸಹಿ ಹಾಕಬಾರದು."

ಹೌದು, ಹೇಳಿದ್ದಾರೆ, ಮಗಳೂ ಅದನ್ನೇ ಅಂದಳು. ಗಡಿಬಿಡಿಯ ತೆಲುಗಿನಲ್ಲಿ ಹೇಳಿದ್ದಾರೆ. ಅಣ್ಣ ಎಲ್ಲದಕ್ಕೂ "ಸರೇ ಸರೇ" ಅಂದಿದ್ದಾನೆ. ತೂರಾಡಿಕೊಂಡು ಬಂದ ಗಿರಾಕಿಯ ಸಹಿಯನ್ನು ಅವನ ಬ್ಯಾಂಕಿನಲ್ಲಿ ಅವನೇ ಒಪ್ಪುವುದಿಲ್ಲ, ನಾಳೆ ಬನ್ನಿ ಎಂದು ಕಳಿಸುತ್ತಾನೆ. ಆದರೆ ತಂಗಿ ಕಣ್ಣು ಬಿಟ್ಟು ಕೂತಿದ್ದಾಳೆ, ಸಕ್ಕರೆ ಕಡಿಮೆ ಅನ್ನುತ್ತಿದ್ದಾಳೆ, ಕೈ ಹಿಡಿದು ಕೇಳುತ್ತಿದ್ದಾಳೆ. ಅವಳಿಗೆ ನಾಳೆ ಕೇಳು ಅನ್ನಲಾಗುತ್ತದೆಯೇ? ಇಂದು ಗಾಡಿ ಓಡಿಸಬೇಡಿ ಅಂದವರು ಯಾರೂ ಇಂದು ರಾಜಿಯಾಗಬೇಡಿ ಎಂದು ಹೇಳಿರಲಿಲ್ಲ.

ಇದೆಲ್ಲ ಒಂದು ದಿನದ ಆಸ್ಪತ್ರೆಯ ವಿಷಯ, ನಮಗೇನು ಅನ್ನಬೇಡಿ. ನಮ್ಮ ಕೆಳಗಿನ ಮನೆಯ ಆಂಟಿ ವರ್ಷಗಳಿಂದ ಮಲಗುವಾಗ ಇದೇ ಜಾತಿಯ ಅರ್ಧ ನಿದ್ದೆಮಾತ್ರೆ ನುಂಗುತ್ತಾರೆ. ಯಾವಾಗಲೋ ಸಂಕಟದ ಕಾಲದಲ್ಲಿ ಡಾಕ್ಟರು ಕೆಲವು ದಿನಕ್ಕೆಂದು ಬರೆದುಕೊಟ್ಟದ್ದು. ಸಂಕಟ ಹೋಯಿತು, ಮಾತ್ರೆ ಉಳಿಯಿತು. ಹಾಲು ಉಕ್ಕಿಸುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ, ಮಾತಿನ ನಡುವೆ ಎಲ್ಲೋ ಹೋಗಿ ಬರುತ್ತಾರೆ. ಮನೆಯವರು ವಯಸ್ಸಾಯಿತು ಎಂದು ನಗುತ್ತಾರೆ. ವಯಸ್ಸೋ ಮಾತ್ರೆಯೋ ಎಂದು ಯಾರಾದರೂ ಕೇಳಿದ್ದಾರೆಯೇ? ಈ ಸಲ ನಾನೇ ಅವರನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಥಟ್ಟನೆ ನಿಲ್ಲಿಸಬೇಡಿ, ನಿಧಾನವಾಗಿ ಇಳಿಸೋಣ ಅಂದಿದ್ದಾರೆ. ಹೊರಗೆ ಬಂದ ಮೇಲೆ ಆಂಟಿ ತೆಲುಗಿನಲ್ಲಿ ಮೆಲ್ಲಗೆ ಕೇಳಿದರು. "ಮೊಮ್ಮಗ ನಡೆಯಲು ಕಲಿತದ್ದು ನನಗೆ ಸರಿಯಾಗಿ ನೆನಪಿಲ್ಲ ಅಮ್ಮಾಯಿ. ಅದೂ ಇದರಿಂದಲೇ ಇರಬಹುದಾ?"

ಅವರ ಕೈ ಹಿಡಿದು ಆಟೋ ಹತ್ತಿಸಿದೆ.

ಕೊನೆಗೆ ವಿಜಯವಾಡಕ್ಕೆ ಹೊರಟೆ. ಇಂಥದ್ದನ್ನು ಫೋನಿನಲ್ಲಿ ಕೇಳಲಾಗುವುದಿಲ್ಲ. ಬೆಳಗಿನ ರೈಲು ಅನಕಾಪಲ್ಲಿ ದಾಟುವಾಗ ಪಕ್ಕದವರು ಬೆಲ್ಲದ ರೇಟು ಮಾತಾಡುತ್ತಿದ್ದರು. ನಾನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಅಣ್ಣಾ, ಆವತ್ತು ನೀನು ಹೇಳಿದ್ದನ್ನು ಇನ್ನೊಮ್ಮೆ ಹೇಳು. ಅಷ್ಟೇ ತಾನೇ? ಅಷ್ಟು ಹೇಳಲು ಏನು ಕಷ್ಟ?

ಸ್ಟೇಷನ್ನಿಗೆ ಅಣ್ಣನೇ ಬಂದಿದ್ದ. ಬಿಸಿಲು ಬೆನ್ನು ಸುಡುತ್ತಿತ್ತು. ಸ್ಕೂಟರಿನ ಮೇಲೆ ಹಿಂದೆ ಕೂತವಳಿಗೆ ದಾರಿಯುದ್ದಕ್ಕೂ ಕೂಗಿ ಕೂಗಿ ಮಾತಾಡಿದ. ಅಲ್ಲಿ ಕಾಲುವೆ ನೋಡು, ಈ ಅಂಗಡಿಯಾಗ ಚಲೋ ಚೂಡಾ ಸಿಗತದ, ನಮ್ಮ ಬ್ರಾಂಚಿಗೆ ಹೊಸಾ ಹುಡುಗ ಬಂದಾನ, ಸಹಿ ಮಾಡಲಿಕ್ಕೆ ಪೆನ್ನಽ ತರೂದಿಲ್ಲ. ಇವನು ನನ್ನ ಅಣ್ಣನೇ? ಹದಿನೈದು ದಿನ ಪಂಕ್ತಿಯಲ್ಲಿ ಕೂತು ಅನ್ನ ಬೇಕೆಂದೂ ಕೇಳದವನು?

ಬಾಗಿಲಲ್ಲೇ ವೈನಿ ನನ್ನನ್ನು ಅಪ್ಪಿಕೊಂಡರು.

"ಉಡಿ ತುಂಬಿಸ್ಕೊಂಡಿ ಅಂತ ಕೇಳಿ ನಾ ಕೂತು ಅತ್ತೆ ಸುಮಾ. ಇವರು ಅವತ್ತ ಬಂದವರಽ ನಿದ್ದಿ ಮಾಡ್ಯಾರ ನೋಡು. ಅತ್ತಿ ಹೋದಾಗಿಂದ ಹಂಗ ಮಲಗಿದ್ದ ನಾ ನೋಡಿಲ್ಲ. ಉಡಿ ಅಕ್ಕಿದು ಪಾಯಸಾ ಮಾಡಿದ್ಯೋ ಇಲ್ಲೋ?"

"ಮಾಡಬೇಕ್ರಿ," ಅಂದೆ. ಆ ಅಕ್ಕಿ ಇನ್ನೂ ಡಬ್ಬಿಯಲ್ಲಿತ್ತು. ಅದನ್ನು ಉಣ್ಣುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲದೆ ಹಾಗೇ ಇಟ್ಟಿದ್ದೆ.

ಅಡುಗೆಮನೆಯಲ್ಲಿ ಮೆಲ್ಲಗೆ ವೈನಿಯನ್ನೇ ಕೇಳಿ ನೋಡಿದೆ. ಅಣ್ಣ ಆವತ್ತು ಯಾಕೆ ಕಾಯಲಿಲ್ಲ, ನಿಮಗೆ ಗೊತ್ತೇ? ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ನಾ ತವರಾಗ ಇದ್ನಲ್ಲ ಆವಾಗ, ನಾ ಬರೂದ್ರಾಗ ಎಲ್ಲಾ ಮುಗದಿತ್ತು. ಎಷ್ಟು ಸಲ ಕೇಳೀನಿ, ಇವರು ಬಾಯಿ ಬಿಡಲಿಲ್ಲ. ಹೇಳಿದ್ರ ಮೊದಲ ಸುಮಾಗ ಹೇಳಬೇಕು ಅಂತಿದ್ರು. ನಿನಗ ಹೇಳ್ಯಾರಲ್ಲ, ಅಷ್ಟು ಸಾಕು. ನಾ ಇನ್ನ ಕೇಳಂಗಿಲ್ಲ."

ಊಟವಾದ ಮೇಲೆ ಅಣ್ಣನೂ ನಾನೂ ಬಾಲ್ಕನಿಯಲ್ಲಿ ಕೂತೆವು. ಕೆಳಗೆ ಆಟೋಗಳ ಸದ್ದು. ಅವನು ಅಡಿಕೆ ಕತ್ತರಿಸುತ್ತಿದ್ದ. ಹೇಳದೆ ವಾಪಸ್ ಹೋಗಿಬಿಡಲೇ ಎಂದು ಒಂದು ಕ್ಷಣ ಅನಿಸಿತು. ಅಷ್ಟು ಖುಷಿಯಲ್ಲಿದ್ದ. ಆದರೆ ಅವ್ವ ನನಗೂ ಅವ್ವನೇ ಅಲ್ಲವೇ? ಅವಳ ಕೊನೆಯ ದಿನದಲ್ಲಿ ನನಗೂ ಪಾಲಿಲ್ಲವೇ?

"ಅಣ್ಣಾ," ಅಂದೆ, "ಅವತ್ತ ದವಾಖಾನ್ಯಾಗ ನೀ ಹೇಳಿದ್ದು ನನಗ ನೆನಪಿಲ್ಲ. ಇಂಜೆಕ್ಷನ್ನಿಂದ. ಒಂದು ಮಾತೂ ನೆನಪಿಲ್ಲ."

ಅಡಕೊತ್ತು ನಿಂತಿತು.

"ಚ್ಯಾಷ್ಟಿ ಮಾಡಬ್ಯಾಡ."

"ಚ್ಯಾಷ್ಟಿ ಅಲ್ಲೋ. ಖರೇನ. ನೀ ಬಂದದ್ದು ನೆನಪದ, ದುವ್ವಾಡದಾಗ ಇಳದೆ ಅಂದದ್ದು ನೆನಪದ. ಆಮ್ಯಾಲಿಂದು ಇಲ್ಲ."

"ನೀ ಚಹಾ ಕುಡದಿ. ನನ್ನ ಕಣ್ಣೀರು ವರಸಿದಿ."

"ನೆನಪಿಲ್ಲ."

ಅವನು ಅಡಕೊತ್ತನ್ನು ತಟ್ಟೆಯಲ್ಲಿಟ್ಟ. ಅವನ ಮುಖ ನೋಡಬಾರದಿತ್ತು ಅನಿಸಿತು. ಇಷ್ಟು ವರ್ಷ ಹೊತ್ತದ್ದನ್ನು ಇಳಿಸಿ ಬಂದೆ ಅಂದುಕೊಂಡವನ ತಲೆಯ ಮೇಲೆ ನಾನು ಅದನ್ನು ಮತ್ತೆ ಎತ್ತಿ ಇಟ್ಟಿದ್ದೆ.

"ಇನ್ನೊಮ್ಮೆ ಹೇಳಣ್ಣಾ," ಅಂದೆ. "ಇವತ್ತ ನಾ ಪೂರಾ ಎಚ್ಚರ ಇದ್ದೀನಿ."

"ಅದಽ ನನಗ ಹೆದರಿಕಿ," ಅಂದ.

ನಾನು ಕುರ್ಚಿಯನ್ನು ಅವನ ಹತ್ತಿರ ಎಳೆದುಕೊಂಡೆ.

"ಒಮ್ಮೆ ಹೇಳಲಿಕ್ಕೆ ನನಗ ಇಷ್ಟು ವರ್ಷ ಬೇಕಾತು ಸುಮೀ. ಮತ್ತ ಹೇಳೂದು ನನ್ನ ಕೈಲಿಂದ ಆಗೂದಿಲ್ಲ. ಅವತ್ತ ನೀ ಏನಂದಿ ಗೊತ್ತದನ? 'ಬಿಡಣ್ಣಾ, ನಿನ್ನ ಜಾಗಾದಾಗ ನಾ ಇದ್ರೂ ಹಂಗಽ ಮಾಡ್ತಿದ್ದೆ' ಅಂದಿ. ಅಷ್ಟು ಸಲುವಾಗಿ ಕಾದಿದ್ದೆ ನಾ. ಇವತ್ತ ಹೇಳಿದ ಮ್ಯಾಲ ನೀ ಬ್ಯಾರೆ ಏನರೆ ಅಂದ್ರ?"

"ನಾ ಹಂಗ ಅಂದ್ನಾ?"

"ಅಂದಿ. ಉಡೀನೂ ತುಂಬಿಸ್ಕೊಂಡಿ. ನೀ ಮರತಿರಬಹುದು. ನಾ ಮರತಿಲ್ಲ. ನನಗ ಅಷ್ಟು ಸಾಕು."

ಬೇಡಿಕೊಳ್ಳಬಹುದಿತ್ತು. ಜಗಳ ಆಡಬಹುದಿತ್ತು. ನನಗೂ ತಿಳಿಯುವ ಹಕ್ಕಿದೆ ಅನ್ನಬಹುದಿತ್ತು. ಆದರೆ ಅವನು ಕೇಳಿದ್ದನ್ನೇ ನಾನೂ ನನಗೆ ಕೇಳಿಕೊಂಡೆ. ಎಚ್ಚರವಾಗಿ ಕೇಳಿಸಿಕೊಂಡಿದ್ದರೆ ನಾನು ಅದೇ ಮಾತು ಹೇಳುತ್ತಿದ್ದೆನೇ? ನಿಜ ಹೇಳಲೇ? ಹೇಳುತ್ತಿರಲಿಲ್ಲ ಅನಿಸುತ್ತದೆ. ನಾನು ಅಷ್ಟು ಒಳ್ಳೆಯವಳಲ್ಲ. ಮೊದಲು ಕೂಗಾಡುತ್ತಿದ್ದೆ. ಆಮೇಲೆ ಅವನ ಒಂದೊಂದು ಮಾತಿಗೂ ಎದುರು ಮಾತು ಹುಡುಕುತ್ತಿದ್ದೆ. ಎಲ್ಲ ಕೇಳಿ ಕೊನೆಗೆ, ಆದರೂ ನೀನು ಕಾಯಬೇಕಿತ್ತು ಅನ್ನುತ್ತಿದ್ದೆ. ಆ ಇಂಜೆಕ್ಷನ್ ನನ್ನೊಳಗಿನ ಯಾವ ಹೆಂಗಸನ್ನು ಎಬ್ಬಿಸಿ ಕೂರಿಸಿತ್ತೋ ಗೊತ್ತಿಲ್ಲ. ಅವಳು ಅಣ್ಣನ ಕಣ್ಣೀರು ಒರೆಸಿದಳು. ಅವಳಿಗೆ ಕಾರಣ ಗೊತ್ತಿತ್ತು, ಅದು ಸರಿ ಅನಿಸಿತ್ತು. ಸ್ವಲ್ಪ ಹೊತ್ತು ಇದ್ದು, ನನಗೆ ಏನೂ ಹೇಳದೆ ಹೊರಟುಹೋದಳು.

ನೀವು ನಿಮ್ಮವರ ಜೊತೆ ಆಡಬೇಕಾದ ಮಾತೇನಾದರೂ ಉಳಿದಿದ್ದರೆ, ಇಬ್ಬರೂ ಎಚ್ಚರವಿರುವ ಹೊತ್ತು ನೋಡಿ ಆಡಿಬಿಡಿ. ಇಂಜೆಕ್ಷನ್ ಒಂದೇ ಅಲ್ಲ, ಮಂಪರಿಗೆ ಈಗ ದಾರಿ ಬಹಳ. ಒಬ್ಬರು ಹೇಳುವಾಗ ಇನ್ನೊಬ್ಬರ ಕಣ್ಣು ಫೋನಿನಲ್ಲಿರುತ್ತದೆ. ಹೂಂ ಅನ್ನುತ್ತೇವೆ, ತಲೆಯಾಡಿಸುತ್ತೇವೆ, ಕೇಳಿಸಿಕೊಂಡೆವು ಎಂದು ಅವರು ನಂಬುತ್ತಾರೆ. ಉಪದೇಶ ಅನಿಸಿದರೆ ಕ್ಷಮಿಸಿ. ನಾನು ಉಪದೇಶ ಮಾಡುವ ಸ್ಥಿತಿಯಲ್ಲಿ ಇಲ್ಲ.

ಅಣ್ಣ ಈಗ ಭಾನುವಾರ ಭಾನುವಾರ ಫೋನ್ ಮಾಡುತ್ತಾನೆ. ಹೊಟ್ಟೆ ಹೆಂಗದ, ಖಾರಾ ಕಮ್ಮಿ ತಿನ್ನು, ಅಳಿಯಂದ್ರ ಹಡಗ ಎಲ್ಲಿ ಅದ, ಈ ಪಂಚಮಿಗೆ ಇಲ್ಲೇ ಬರ್ರಿ ಎಲ್ಲಾರೂ. ಅವನ ದನಿ ಮತ್ತೆ ಹಗುರಾಗಿದೆ. ಬಾಲ್ಕನಿಯ ಆ ಮಧ್ಯಾಹ್ನವನ್ನು ಅವನು ತಾನಾಗಿಯೇ ಮರೆತುಬಿಟ್ಟಿದ್ದಾನೆ, ಯಾವ ಔಷಧವೂ ಇಲ್ಲದೆ. ನಾನೂ ನಗುತ್ತೇನೆ, ಬರುತ್ತೇವೆ ಅನ್ನುತ್ತೇನೆ. ಫೋನ್ ಇಟ್ಟ ಮೇಲೆ ನೋಡಿದರೆ ಸಿಟ್ಟು ಮೊದಲಿದ್ದ ಜಾಗದಲ್ಲೇ ಕೂತಿರುತ್ತದೆ.

ಅಣ್ಣನನ್ನು ಅವನ ತಂಗಿ ಕ್ಷಮಿಸಿಬಿಟ್ಟಿದ್ದಾಳೆ. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.